ಸ್ಪಿರಿಟ್ಟಿಗೆ ಕರಗದ ಮಣಿ

ಚನ್ನಪಟ್ಟಣದ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಶಿವಲಿಂಗಮ್ಮನವರ ಬಗ್ಗೆ ಒಂದು ಮಾತು ಓಡಾಡುತ್ತದೆ. ದುಬೈ ಕಡೆಯವರೊಂದಿಗೆ ಒಪ್ಪಂದವಾಗಿ ಗೊಂಬೆಗಳ ಮೇಲಿನ ಸುಂಕ ಹೋದ ಮೇಲೆ, ಬರುವ ಆರ್ಡರುಗಳೆಲ್ಲ ತನಗೊಬ್ಬಳಿಗೇ ಸಿಗಲಿ ಎಂದು ಆಕೆ ತನಗೆ ಕೆಲಸ ಕಲಿಸಿದ ಫಕ್ರುದ್ದೀನರ ಮೇಲೆಯೇ ಅರ್ಜಿ ಬರೆದು ಅವರ ಲೇತು ನಿಲ್ಲಿಸಿದಳಂತೆ.

"ಕೈ ಹಿಡ್ದು ಕಲ್ಸಿದೋರ್ ಮ್ಯಾಲೇ ಅರ್ಜಿ ಹಾಕವ್ಳೆ ಕಣ್ಲಾ" ಎಂದು ಒಬ್ಬ ಶುರು ಮಾಡುತ್ತಾನೆ.

"ಇಂಗ್ಲೀಷ್ನಲ್ಲಿ ಬರ್ದವ್ಳಂತೆ" ಎಂದು ಇನ್ನೊಬ್ಬ.

"ಬೈರಾಪಟ್ಟಣದೋಳ್ಗೆ ಇಂಗ್ಲೀಷ್ ಎಲ್ಲಿಂದ ಬತ್ತದ್ಲಾ?"

"ದುಬೈ ದುಡ್ಡು ಬಂದ್ ಮ್ಯಾಕೆ ಇಂಗ್ಲೀಷ್ ಬರಾಕಿಲ್ವಾ?"

ಅರ್ಜಿಯೊಂದು ಇದ್ದದ್ದು ನಿಜ. ಅದು ಕನ್ನಡದಲ್ಲಿತ್ತು, ಒಂದೂವರೆ ಪುಟದಷ್ಟಿತ್ತು, ಮತ್ತು ಅದನ್ನು ಶಿವಲಿಂಗಮ್ಮ ಬರೆದದ್ದು ತಮ್ಮ ಮೇಲೆಯೇ. ಫಕ್ರುದ್ದೀನರ ಲೇತು ನಿಂತದ್ದೂ ನಿಜ. ಅದಕ್ಕೆ ಅರ್ಜಿಯೇನೂ ಬೇಕಾಗಲಿಲ್ಲ. ಶಿವಲಿಂಗಮ್ಮನ ಬಾಯಿಂದ ಬಂದ ಮೂರೇ ಪದಗಳ ಒಂದು ಮಾತು ಸಾಕಾಯಿತು.

ಇಪ್ಪತ್ತೆರಡು ವರ್ಷಗಳ ಹಿಂದೆ ಶಿವಲಿಂಗಮ್ಮ ಈ ಕಸುಬಿಗೆ ಬಂದದ್ದು ಬಿಡುವಿನ ಕೂಲಿಗಾಗಿ. ಗಂಡ ಸಿದ್ದಯ್ಯನವರಿಗೆ ಬೈರಾಪಟ್ಟಣದಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ ಇತ್ತು, ಈಗಲೂ ಇದೆ. ರೇಷ್ಮೆಹುಳುವಿನ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ದಿನಗಳಲ್ಲಿ, ಅದೇ ಊರಿನ ಪುಟ್ಟಗೌರಮ್ಮನ ಜೊತೆ ಬಸ್ಸು ಹತ್ತಿ ಬಂದು, ಸ್ಟೇಷನ್ ಹಿಂದಿನ ಬೀದಿಯಲ್ಲಿದ್ದ ಫಕ್ರುದ್ದೀನರ ಕೊಠಡಿಯಲ್ಲಿ ಗೊಂಬೆಗಳಿಗೆ ಉಪ್ಪುಕಾಗದ ತಿಕ್ಕುತ್ತಿದ್ದರು. ಮೂರನೆಯ ವರ್ಷ ಫಕ್ರುದ್ದೀನರು ಅವರನ್ನು ಮರ ಕಡೆಯುವ ಲೇತಿನ ಮುಂದೆ ಕೂರಿಸಿದರು. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡಬೇಕು. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಅವರು ಹೇಳಿಕೊಟ್ಟರು.

"ಕಣ್ ಮುಚ್ಕೊಂಡು ಕೇಳವ್ವ. ಅರಗು ಕರಗೋ ಮುಂಚೆ ಕಿರ್ ಅಂತದೆ. ಕರಗಿದ್ ಮ್ಯಾಕೆ ಸುಮ್ಕಾಯ್ತದೆ. ಸುಮ್ಕಾದಾಗ ಕೈ ತೆಗಿ."

ಅವರು ಇನ್ನೂ ಒಂದನ್ನು ಕಲಿಸಿದ್ದರು. ಮಣಿ ಕಡೆಯುವಾಗ ತೂತಿನ ಅಂಚಿಗೆ ಎರಡು ಸಲ ಉಳಿ ತಾಗಿಸಿ ಒಳಮುಖವಾಗಿ ಇಳಿಜಾರು ಕೊಡುತ್ತಿದ್ದರು. ಬೀದಿಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮಣಿಯೊಂದನ್ನು ಹೆಬ್ಬೆರಳಿನ ತುದಿಯಲ್ಲಿ ಒಮ್ಮೆ ತಿರುಗಿಸಿದರೆ ಅದು ಫಕ್ರಣ್ಣನದೋ ಅಲ್ಲವೋ ಎಂದು ಶಿವಲಿಂಗಮ್ಮ ನೋಡದೆಯೇ ಹೇಳುತ್ತಿದ್ದರು. ಮುಂದೆ ಅವರು ಎದುರು ಸಾಲಿನಲ್ಲಿ ಸ್ವಂತ ಘಟಕ ತೆರೆದಾಗ ಮೊದಲ ಲೇತನ್ನು ಕೊಟ್ಟವರೂ ಫಕ್ರುದ್ದೀನರೇ. ಪುಟ್ಟಗೌರಮ್ಮನೂ ಸೇರಿ ಒಂಬತ್ತು ಮಂದಿ ಹೆಂಗಸರು ಅಲ್ಲಿ ದುಡಿಯುತ್ತಿದ್ದರು.

ಆ ಬೀದಿಯಲ್ಲಿ ಮೊರ ಬದಲಾಯಿಸುವ ರೂಢಿಯೊಂದಿತ್ತು. ಒಬ್ಬರಿಗೆ ಆರ್ಡರು ಮುಗಿಸಲು ಮಣಿಯೋ ಚಕ್ರವೋ ಕಡಿಮೆ ಬಿದ್ದರೆ ನೆರೆಯ ಘಟಕದವರು ಒಂದು ಮೊರದ ತುಂಬ ಕೊಟ್ಟು ಕಳಿಸುತ್ತಿದ್ದರು. ಕೈ ಬಿಡುವಾದಾಗ ಇವರು ಅಷ್ಟನ್ನೇ ಕಡೆದು ಅದೇ ಮೊರದಲ್ಲಿ ಹಿಂದಿರುಗಿಸುತ್ತಿದ್ದರು. ಯಾರೂ ಬರೆದಿಡುತ್ತಿರಲಿಲ್ಲ. ಮೊರದಲ್ಲಿ ಬಂದ ಮಾಲನ್ನು ಯಾರದು, ಎಲ್ಲಿಯದು ಎಂದು ಕೇಳುವುದು ಮರ್ಯಾದೆಯಲ್ಲ ಎಂಬ ಭಾವನೆ ಎಲ್ಲರಲ್ಲೂ ಇತ್ತು. "ಅದು ಮೊರದ್ದು" ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಒಪ್ಪಂದದ ಸುದ್ದಿಯನ್ನು ಬೀದಿಗೆ ತಂದವರು ಅನಂತರಾಜು. ಮಾಗಡಿಯ ಕಡೆಯವರು, ಬೆಂಗಳೂರಿನ ಒಂದು ರಫ್ತು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳಲ್ಲಿ ಒಪ್ಪಂದ ಜಾರಿಗೆ ಬಂದ ಕೆಲವು ವಾರಗಳಿಗೆ ಅವರು ಘಟಕಗಳವರನ್ನೆಲ್ಲ ಸೇರಿಸಿ ವಿವರಿಸಿದರು. ಇದು ನಮ್ಮ ದೇಶ ಮತ್ತು ದುಬೈ, ಶಾರ್ಜಾಗಳಿರುವ ದೇಶ, ಎರಡೇ ಪರಸ್ಪರ ಮಾಡಿಕೊಂಡದ್ದು. ಈವರೆಗೆ ನಮ್ಮ ಗೊಂಬೆಗೆ ಅಲ್ಲಿನ ಬಂದರಿನಲ್ಲಿ ನೂರಕ್ಕೆ ಐದರಂತೆ ಸುಂಕ ಬೀಳುತ್ತಿತ್ತು, ಇನ್ನು ಮೇಲೆ ಇಲ್ಲ. ಬೇರೆ ದೇಶದ ಗೊಂಬೆಗೆ ಅದು ಬೀಳುತ್ತಲೇ ಇರುತ್ತದೆ. ಆದ್ದರಿಂದ ಅಲ್ಲಿನ ವ್ಯಾಪಾರಿ ಇತ್ತ ತಿರುಗುತ್ತಾನೆ. ಆದರೆ ಈ ವಿನಾಯಿತಿ ಸಿಗಬೇಕಾದರೆ ಸರಕು ಇಲ್ಲಿಯೇ ಹುಟ್ಟಿದ್ದು ಎಂಬ ಮೂಲ ಪ್ರಮಾಣಪತ್ರ ಬೇಕು, ಅದಕ್ಕೆ ತಯಾರಿಸಿದವರು ಬರೆದುಕೊಟ್ಟ ಹೇಳಿಕೆ ಬೇಕು.

"ಐದು ಅಂದ್ರೆ ಒಸಿನೇ ಅಲ್ವಾ ಸಾ?" ಎಂದು ಪುಟ್ಟಗೌರಮ್ಮ ಕೇಳಿದಳು.

"ಒಸಿನೇ ಅಕ್ಕ. ಆದ್ರೆ ನಿಮ್ಮೂರ್ ಸಂತೇಲಿ ಐದ್ ರೂಪಾಯಿ ಕಮ್ಮಿ ಅಂದ್ರೆ ನೀವ್ ಯಾವ್ ಅಂಗ್ಡಿಗ್ ಹೋಯ್ತೀರಿ?"

"ನಾನಾ? ನಾನು ಎಲ್ಡ್ ಅಂಗ್ಡೀಲೂ ಚೌಕಾಸಿ ಮಾಡಿ ಮನೇಗ್ ಹೋಯ್ತೀನಿ."

ಎಲ್ಲರೂ ನಕ್ಕರು. ಆದರೆ ಅನಂತರಾಜು ಹೇಳಿದಂತೆಯೇ ಆಯಿತು. ಬೇರೆ ದೇಶದಿಂದ ಗೊಂಬೆ ತರಿಸುತ್ತಿದ್ದ ಶಾರ್ಜಾದ ವ್ಯಾಪಾರಿಯೊಬ್ಬ ಆ ವರ್ಷದ ಕೊನೆಗೆ ಈ ಕಂಪನಿಗೆ ಆರ್ಡರು ಕೊಟ್ಟ. ಹಿಂದೆ ದಸರೆ ಮುಗಿದ ಮೇಲೆ ಮೂರು ತಿಂಗಳು ಕೆಲಸವಿಲ್ಲದೆ ಕೂರುತ್ತಿದ್ದ ಹೆಂಗಸರಿಗೆ ವರ್ಷವಿಡೀ ಕೆಲಸ ಸಿಕ್ಕಿತು. ಶಿವಲಿಂಗಮ್ಮ ಇನ್ನೂ ಎರಡು ಲೇತು ಹಾಕಿಸಿದರು, ಹಿಂಬದಿಯಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸಿದರು. ಮೊದಮೊದಲು ಹಿಂಜರಿದ ಫಕ್ರುದ್ದೀನರೂ ಆಮೇಲೆ ಕಂಪನಿಯ ಪಟ್ಟಿಗೆ ಸೇರಿದರು. ಎಪ್ಪತ್ತರ ವಯಸ್ಸಿನಲ್ಲಿ ಅವರು ಕಡೆದ ಬುಗುರಿಗಳು ಸಮುದ್ರ ದಾಟಿದವು. ಅವರ ಹೆಂಡತಿ ನೂರ್ಜಹಾನ್ ಆ ವಾರ ಬೀದಿಯವರಿಗೆಲ್ಲ ಶಾವಿಗೆ ಪಾಯಸ ಹಂಚಿದರು.

ತಪ್ಪು ನಡೆದದ್ದು ಮರುವರ್ಷದ ನವೆಂಬರಿನಲ್ಲಿ. ಮಕ್ಕಳು ಎಣಿಕೆ ಕಲಿಯುವ ಮಣಿ ಚೌಕಟ್ಟುಗಳ ದೊಡ್ಡ ಆರ್ಡರು ಅದು. ಹದಿನೈದು ದಿನ ಬಿಡದೆ ಹಿಡಿದ ಜಡಿಮಳೆಯಲ್ಲಿ ಆಲೆಮರದ ತುಂಡುಗಳು ಒಣಗಲಿಲ್ಲ. ಹಸಿ ಮರಕ್ಕೆ ಅರಗು ನಿಲ್ಲುವುದಿಲ್ಲ. ಲಾರಿ ಬರಲು ನಾಲ್ಕು ದಿನವಿದ್ದಾಗ ಇನ್ನೂ ಮೂರು ಸಾವಿರ ಮಣಿ ಬೇಕಿತ್ತು. ಫಕ್ರುದ್ದೀನರು ಊರಲ್ಲಿರಲಿಲ್ಲ. ನೂರ್ಜಹಾನ್ ಅವರ ಕಣ್ಣಿನ ಪೊರೆ ತೆಗೆಸಲು ರಾಮನಗರದ ಮಗಳ ಮನೆಯಲ್ಲಿ ಉಳಿದಿದ್ದರು. ಹೋಗುವಾಗ ಕೊಠಡಿಯ ಬೀಗದ ಕೈಯನ್ನು ಶಿವಲಿಂಗಮ್ಮನ ಕೈಗೆ ಕೊಟ್ಟು, "ಮೊರ ಬೇಕಿದ್ರೆ ತಗೊಳವ್ವ, ಕೇಳ್ಬ್ಯಾಡ" ಎಂದಿದ್ದರು. ಶಿವಲಿಂಗಮ್ಮ ಬಾಗಿಲು ತೆಗೆದು ನೋಡಿದಾಗ ಅಲ್ಲಿದ್ದದ್ದು ಅರ್ಧ ಮೊರದಷ್ಟು ಮಣಿ ಮಾತ್ರ.

ಅದನ್ನು ತೆಗೆದುಕೊಂಡರು. ಉಳಿದದ್ದಕ್ಕೆ ಬೆಂಗಳೂರಿಗೆ ಹೋಗಿ ಸಗಟು ಅಂಗಡಿಯೊಂದರಲ್ಲಿ ಎರಡು ಸಣ್ಣ ಗೋಣಿಚೀಲ ಸಿದ್ಧ ಮಣಿ ಕೊಂಡು ತಂದರು. ಚೀಲದ ಮೇಲೆ ಓದಲಾಗದ ಲಿಪಿಯಿತ್ತು. ಅದು ಹೊರದೇಶದ ಮಾಲು, ಮೇಲಿರುವುದು ಅರಗಲ್ಲ, ಯಂತ್ರದಲ್ಲಿ ಹೊಡೆದ ಬಣ್ಣ ಎಂಬುದು ಅವರಿಗೆ ಅಂಗಡಿಯಲ್ಲಿಯೇ ತಿಳಿದಿತ್ತು. ಹೆಂಗಸರು ಬರುವ ಮೊದಲೇ ಮಣಿಗಳನ್ನು ಫಕ್ರುದ್ದೀನರ ಮೊರಕ್ಕೆ ಅಂಚು ಮೀರುವಷ್ಟು ಸುರಿದು ಕೈಯಾಡಿಸಿದರು. ಖಾಲಿ ಚೀಲಗಳನ್ನು ಮನೆಗೆ ಒಯ್ದು ನೀರೊಲೆಗೆ ಹಾಕಿದರು. ಹೇಳಿಕೆಯ ನಮೂನೆಯಲ್ಲಿ ಹೊರದೇಶದ ಸಾಮಗ್ರಿ ಏನಾದರೂ ಸೇರಿದೆಯೇ ಎಂಬ ಸಾಲಿನ ಮುಂದೆ "ಇಲ್ಲ" ಎಂದು ಬರೆದು ಸಹಿ ಮಾಡಿದರು.

ಲಾರಿ ಹೋಯಿತು. ಮೂರು ತಿಂಗಳ ನಂತರ ಆ ಪ್ರಮಾಣಪತ್ರವನ್ನು ಪರಿಶೀಲಿಸಿ ತಿಳಿಸಿ ಎಂಬ ಕೋರಿಕೆ ಅಲ್ಲಿನ ಸುಂಕದ ಕಚೇರಿಯಿಂದ ಬಂತು. ಇಂಥ ಕೋರಿಕೆಗಳು ಆಗಾಗ ಬರುವಂಥವೇ. ಕಂಪನಿಯಲ್ಲಿ ಮಾದರಿಗೆಂದು ತೆಗೆದಿಟ್ಟಿದ್ದ ಎರಡು ಚೌಕಟ್ಟುಗಳನ್ನು, ಒಂದು ಸೀಸೆ ಸ್ಪಿರಿಟ್ಟನ್ನು, ಹತ್ತಿಯನ್ನು ಹಿಡಿದು ಅನಂತರಾಜು ಘಟಕಕ್ಕೆ ಬಂದರು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಒದ್ದೆ ಹತ್ತಿಯನ್ನು ಮೊದಲ ಮಣಿಗೆ ಒತ್ತಿದರು, ಹತ್ತಿ ಕೆಂಪಾಯಿತು. ಎರಡನೆಯದಕ್ಕೆ ಒತ್ತಿದರು, ಹತ್ತಿ ಬೆಳ್ಳಗೇ ಉಳಿಯಿತು. ಮೂರನೆಯದಕ್ಕೂ ಹಾಗೆಯೇ.

"ಇದು ಅರಗಲ್ಲ ಅಕ್ಕ" ಎಂದರು ಅನಂತರಾಜು. "ಈ ಮಣಿ ಎಲ್ಲೀದು?"

ಒಂಬತ್ತು ಮಂದಿ ಹೆಂಗಸರೂ ಅಲ್ಲಿಯೇ ಇದ್ದರು. ಲೇತುಗಳು ನಿಂತಿದ್ದವು.

"ಅದು ಫಕ್ರಣ್ಣನ ಮೊರದ್ದು" ಎಂದರು ಶಿವಲಿಂಗಮ್ಮ.

ಬೀದಿಯ ರೂಢಿಯಂತೆ ಆ ಮಾತು ಪ್ರಶ್ನೆಯನ್ನು ಅಲ್ಲಿಗೇ ಮುಗಿಸಬೇಕಿತ್ತು. ಮೊರದ ಮಾಲಿನ ಹಿಂದೆ ಯಾರೂ ಹೋಗುವುದಿಲ್ಲ ಎಂಬ ನಂಬಿಕೆಯಿಂದಲೇ ಅದು ಬಾಯಿಗೆ ಬಂದಿತ್ತು. ಅನಂತರಾಜು ಬೀದಿಯವರಲ್ಲ. ಅವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಬರೆಯುವುದನ್ನು ನೋಡುತ್ತಿದ್ದಾಗ, ಬೇಡ, ತಾಳಿ, ಎನ್ನುವಷ್ಟು ಹೊತ್ತು ಇತ್ತು. ಶಿವಲಿಂಗಮ್ಮ ಅನ್ನಲಿಲ್ಲ.

ಹದಿನೈದು ದಿನಗಳಲ್ಲಿ ಕಂಪನಿ ಆ ಸರಕಿನ ಸುಂಕವನ್ನು ಕಟ್ಟಿಕೊಟ್ಟು ವಿಷಯ ಮುಗಿಸಿತು. ಫಕ್ರುದ್ದೀನರ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಅವರು ಕಾರಣ ಕೇಳಿದ್ದಕ್ಕೆ ಕಂಪನಿಯವರು, ಅರಗಿಲ್ಲದ ಮಾಲು ಎಂದಷ್ಟೇ ಹೇಳಿ ಒಂದು ಮಣಿಯನ್ನು ಅವರ ಕೈಗಿಟ್ಟರು.

ಆ ಮಣಿಯನ್ನು ಹಿಡಿದು ಫಕ್ರುದ್ದೀನರು ಬಂದದ್ದು ಶಿವಲಿಂಗಮ್ಮನ ಬಳಿಗೆ. ಅವರಲ್ಲಿ ಕೋಪವಿರಲಿಲ್ಲ. ತಾನು ಊರಲ್ಲಿಲ್ಲದಾಗ ಇವಳು ತನ್ನ ಕೊಠಡಿಯಿಂದ ಮೊರ ತೆಗೆದುಕೊಂಡಳು, ಅದರಲ್ಲಿ ಏನೋ ದೋಷವಿತ್ತು, ತನ್ನಿಂದ ಇವಳ ಆರ್ಡರಿಗೆ ತೊಂದರೆಯಾಯಿತು ಎಂದೇ ಅವರು ತಿಳಿದಿದ್ದರು.

"ಲಿಂಗವ್ವ, ನಿನ್ಗೆ ನನ್ನಿಂದ ಕೆಟ್ಟೆಸ್ರು ಬಂತು" ಎಂದರು. "ಒಸಿ ನೋಡು ಇದ್ನ. ನನ್ ಕೈಯ್ದಾ ಇದು? ನನ್ ಬೆಳ್ಳು ದಡ್ಡು ಕಟ್ಟೋಗೈತೆ, ಅಂಚು ತಿಳೀತಿಲ್ಲ. ನಿನ್ ಬೆಳ್ಳಿಗ್ ತಿಳೀತದೆ."

ಶಿವಲಿಂಗಮ್ಮ ಮಣಿಯನ್ನು ತೆಗೆದುಕೊಂಡು ಹೆಬ್ಬೆರಳಿನಲ್ಲಿ ತಿರುಗಿಸಿದರು. ತೂತಿನ ಅಂಚು ನೇರವಾಗಿತ್ತು, ಚೂಪಾಗಿತ್ತು. ಅದರಲ್ಲಿ ಇಳಿಜಾರು ಇರಲಿಲ್ಲ.

"ತಿಳ್ಯಾಕಿಲ್ಲ ಕಣಣ್ಣ" ಎಂದರು.

ಫಕ್ರುದ್ದೀನರು ತಲೆಯಾಡಿಸಿ ಹೊರಟುಹೋದರು. ಮರುದಿನದಿಂದ ಅವರು ತಮ್ಮ ಹಳೆಯ ಬುಗುರಿ, ಗಿಲಕಿ, ಚಕ್ರಗಳನ್ನೆಲ್ಲ ಹೊರತೆಗೆದು ಒಂದೊಂದಕ್ಕೂ ಸ್ಪಿರಿಟ್ಟಿನ ಹತ್ತಿ ಒತ್ತಿ ನೋಡತೊಡಗಿದರು. ಪ್ರತಿ ಹತ್ತಿಗೂ ಬಣ್ಣ ಹತ್ತುತ್ತಿತ್ತು, ಆದರೂ ನಂಬಿಕೆ ಬರುತ್ತಿರಲಿಲ್ಲ. ತಾವೇ ಕಾಯಿಸಿ ಎಳೆದಿಟ್ಟಿದ್ದ ಅರಗಿನ ಕಡ್ಡಿಗಳನ್ನು ಚರಂಡಿಗೆ ಹಾಕಿದರು. ಆಮೇಲೆ ಲೇತಿಗೆ ಗೋಣಿ ಹೊದಿಸಿದರು.

ನೂರ್ಜಹಾನ್ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕಿದಾಗ ಹೇಳಿದರು: "ನನ್ ಕಣ್ಣಿನ್ ಪೊರೆ ತೆಗ್ಸಿದ್ರು ಕಣವ್ವ. ಇವ್ರ್ ಕಣ್ಣಿಗೆ ಈಗ ಪೊರೆ ಬಂದಂಗಾಗೈತೆ. ನಲ್ವತ್ತೈದ್ ವರ್ಸ ಮಾಡಿದ್ ಕೆಲ್ಸ ನಂದೋ ಅಲ್ವೋ ಅಂತಾರೆ."

ಶಿವಲಿಂಗಮ್ಮ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದರು. ಆ ಬೀದಿಯ ನಲ್ಲಿಗೆ ಮತ್ತೆ ಹೋಗಲಿಲ್ಲ. ಕುಡಿಯುವ ನೀರನ್ನು ಬೈರಾಪಟ್ಟಣದಿಂದಲೇ ಕ್ಯಾನಿನಲ್ಲಿ ತರತೊಡಗಿದರು. ಘಟಕಕ್ಕೆ ಬರುವಾಗ ಫಕ್ರುದ್ದೀನರ ಬಾಗಿಲು ತಪ್ಪಿಸಲು ಸ್ಟೇಷನ್ ಸುತ್ತಿ ನಡೆದರು. ಮಣಿ ಕಡೆಯಲು ಕೂತರೆ ಕೈ ತಾನಾಗಿಯೇ ತೂತಿನ ಅಂಚಿಗೆ ಎರಡು ಸಲ ಉಳಿ ತಾಗಿಸುತ್ತಿತ್ತು. ಹಾಗಾಗಿ ಮಣಿಯ ಕೆಲಸವನ್ನೇ ಪುಟ್ಟಗೌರಮ್ಮನಿಗೆ ಬಿಟ್ಟರು.

ಜುಲೈ ತಿಂಗಳಲ್ಲಿ ರಾಮನಗರದಲ್ಲಿ ಸಣ್ಣ ತಯಾರಕರಿಗೆಂದು ಒಂದು ದಿನದ ಸಭೆ ನಡೆಯಿತು. ಒಪ್ಪಂದದ ಪ್ರಯೋಜನ ಪಡೆಯುವುದು ಹೇಗೆ ಎಂದು ಅಲ್ಲಿ ವಿವರಿಸಿದವರು ಅನಂತರಾಜುವೇ. ಮಧ್ಯದಲ್ಲಿ ಕನಕಪುರದ ಒಬ್ಬರು ಎದ್ದು, ತಮ್ಮ ಮಾಲಿನಲ್ಲಿ ಹೊರದೇಶದ ಗುಂಡಿಗಳಿವೆ, ಹಾಗಾದರೆ ತಮಗೆ ಇದೆಲ್ಲ ಸಿಗುವುದಿಲ್ಲವೇ ಎಂದು ಕೇಳಿದರು.

"ಸಿಗುತ್ತೆ" ಎಂದರು ಅನಂತರಾಜು. "ಬೆಲೆಯ ಬಹುಪಾಲು ಇಲ್ಲೀದಾಗಿ, ನಿಜವಾದ ಕೆಲಸ ಇಲ್ಲೇ ಆಗಿದ್ರೆ, ಹೊರಗಿನದು ಸ್ವಲ್ಪ ಸೇರಿದ್ರೂ ನಡೆಯುತ್ತೆ. ಆ ಸಾಲಲ್ಲಿ ಮುಚ್ಚಿಡದೆ ಬರೀಬೇಕು. ಅಷ್ಟೇ."

ಶಿವಲಿಂಗಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದರು. "ಹೌದು, ಇಷ್ಟು" ಎಂದು ಬರೆದಿದ್ದರೆ ಚೌಕಟ್ಟುಗಳಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಬಣ್ಣದ ವಿಷಯ ಮೊದಲೇ ತಿಳಿಸಿದ್ದರೆ ವ್ಯಾಪಾರಿ ಹೆಚ್ಚೆಂದರೆ ಎರಡು ವಾರದ ತಡವನ್ನು ಒಪ್ಪುತ್ತಿದ್ದ, ಇಲ್ಲವೇ ಒಂದು ಆರ್ಡರು ಹೋಗುತ್ತಿತ್ತು. ಅಷ್ಟರಿಂದ ತಪ್ಪಿಸಿಕೊಳ್ಳಲು ತಾನು ಫಕ್ರಣ್ಣನನ್ನು ಕೊಟ್ಟುಬಿಟ್ಟೆ ಎಂಬುದು ಅವರಿಗೆ ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಸ್ಪಷ್ಟವಾಯಿತು. ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದರು.

ಸಿದ್ದಯ್ಯನವರು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಶಿವಲಿಂಗಮ್ಮ ಸಾಲಿನ ಬದಿಯಲ್ಲಿ ಕೂತು ಎಲ್ಲವನ್ನೂ ಹೇಳಿದರು.

"ನೀರೊಲೇಲಿ ಗೋಣಿ ವಾಸ್ನೆ ಬಂದಾಗ್ಲೇ ಕೇಳ್ಬೇಕಿತ್ತು ನಾನು" ಎಂದರು ಸಿದ್ದಯ್ಯ. ಇನ್ನೊಂದು ಗಿಡದ ಸೊಪ್ಪು ಕೊಯ್ದು, "ಈಗ್ ಏಳುದ್ರೆ ಒಂಬತ್ ಜನದ್ ಕೆಲ್ಸ ಹೋಯ್ತದೆ ಅಲ್ವಾ?"

"ಹೋಯ್ತದೆ."

"ಏಳ್ದಿದ್ರೆ?"

"ಫಕ್ರಣ್ಣ ಅಂಗೇ ಸಾಯ್ತಾನೆ. ತನ್ ಕೈನೇ ನಂಬ್ದೆ."

"ಮೊದ್ಲು ಆ ಒಂಬತ್ ಜನಕ್ಕೆ ಏಳು" ಎಂದು ಸಿದ್ದಯ್ಯ ಸೊಪ್ಪಿನ ಹೊರೆ ಕಟ್ಟಿದರು.

ನಡೆದದ್ದನ್ನೂ ಅರ್ಜಿ ಬರೆಯುವುದನ್ನೂ ಹೆಂಗಸರಿಗೆ ಹೇಳಿದಾಗ ಮೊದಲು ಮಾತಾಡಿದವಳು ಪುಟ್ಟಗೌರಮ್ಮ.

"ಆವತ್ತೇ ನಂಗ್ ಗೊತ್ತಿತ್ತು ಕಣಕ್ಕ. ಮೂರ್ ಸಾವ್ರ ಮಣಿ ಹಿಡ್ಸೋ ಮೊರ ಫಕ್ರಣ್ಣನ್ ಮನೇಲಿಲ್ಲ. ನೀನು ಬಾಯ್ ಬುಡ್ತೀಯ ಅಂತ ನಾನು, ನಾನ್ ಬಾಯ್ ಬುಡ್ತೀನಿ ಅಂತ ಇವ್ಳು. ಎಲ್ಲಾರೂ ಉಣ್ಕೊಂಡ್ ತಿನ್ಕೊಂಡ್ ಇದ್ಬುಟ್ವು." ಅವಳು ಮೂಗು ಒರೆಸಿಕೊಂಡು ಮುಂದುವರಿಸಿದಳು. "ಬರಿ, ಬರಿ. ನಮ್ ಹೊಟ್ಟೆ ಬ್ಯಾರೆ, ಆ ಮುದ್ಕನ್ ಹೆಸ್ರು ಬ್ಯಾರೆ. ಆಮ್ಯಾಕ್ ನನ್ ಗಂಡ ಕೇಳುದ್ರೆ ನೀನೇ ಬಂದ್ ಉತ್ರ ಏಳು."

ಅರ್ಜಿಯ ವಿಷಯ ತಿಳಿದು ಅನಂತರಾಜು ಫೋನು ಮಾಡಿದರು. ಬರೆಯುವುದು ಬೇಡ, ಆರು ತಿಂಗಳು ಬಿಟ್ಟು ತಾವೇ ಹೇಗಾದರೂ ಮಾಡಿ ಫಕ್ರುದ್ದೀನರ ಹೆಸರನ್ನು ಮತ್ತೆ ಸೇರಿಸುವುದಾಗಿ ಹೇಳಿದರು.

"ಸೇರ್ಸುದ್ರೆ ದಯ ತೋರ್ಸಿ ಸೇರ್ಸುದ್ರು ಅಂತಾಯ್ತದೆ ಸಾ" ಎಂದರು ಶಿವಲಿಂಗಮ್ಮ. "ಆ ಮಣಿ ಅವ್ರದ್ದಲ್ಲ ಅಂತ ಕಾಗ್ದದಲ್ಲಿ ಇರ್ಬೇಕು. ಅವ್ರ್ ಹೆಸ್ರು ಹೋಗಿದ್ದೂ ಕಾಗ್ದದಲ್ಲೇ ಅಲ್ವಾ?"

ಆಗಸ್ಟಿನ ಮೊದಲ ವಾರ ಕಂಪನಿಗೆ ಅರ್ಜಿ ಬರೆದರು. ಮಣಿ ಕೊಂಡ ದಿನ, ಚೀಲದ ಸಂಖ್ಯೆ, ಸುಟ್ಟ ವಿಷಯ, ಬರೆದ "ಇಲ್ಲ", ಆಡಿದ ಮಾತು, ಎಲ್ಲವೂ ಅದರಲ್ಲಿತ್ತು. ಒಂದು ಪ್ರತಿಯನ್ನು ಹಿಡಿದು ಫಕ್ರುದ್ದೀನರ ಮನೆಗೆ ಹೋದರು. ಅವರಿಗೆ ಕನ್ನಡ ಓದಲು ಬಾರದು. ಹೊಸ ಕನ್ನಡಕ ಹಾಕಿಕೊಂಡ ನೂರ್ಜಹಾನ್ ಗಟ್ಟಿಯಾಗಿ ಓದಿದರು. ನಡುವೆ ಎರಡು ಕಡೆ ನಿಂತು ಶಿವಲಿಂಗಮ್ಮನ ಮುಖ ನೋಡಿದರು. ಶಿವಲಿಂಗಮ್ಮ ಹೊಸ್ತಿಲ ಆಚೆಯೇ ನಿಂತಿದ್ದರು.

ಓದಿ ಮುಗಿದ ಮೇಲೆ ಫಕ್ರುದ್ದೀನರು ಒಂದೇ ಪ್ರಶ್ನೆ ಕೇಳಿದರು. "ನಾನು ಮಣಿ ತಂದು ನಿನ್ ಕೈಗ್ ಕೊಟ್ನಲ್ಲ, ಆವತ್ತು ನಿನ್ ಬೆಳ್ಳಿಗ್ ತಿಳೀತಾ?"

"ತಿಳೀತು ಅಣ್ಣ."

"ನಂದಲ್ಲ ಅಂತ?"

"ನಿಂದಲ್ಲ ಅಂತ."

ಫಕ್ರುದ್ದೀನರು ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ತುಸು ಹೊತ್ತು ನೋಡಿಕೊಂಡರು. "ಅಂಗಾರೆ ನನ್ ಕೈ ಸರಿಯಾಗೈತೆ" ಎಂದು ಹೆಂಡತಿಗೆ ಹೇಳಿದರು. ಆಮೇಲೆ ಶಿವಲಿಂಗಮ್ಮನ ಕಡೆ ತಿರುಗಿ, "ನೀನಿನ್ನು ಹೋಗವ್ವ" ಎಂದರು. ಧ್ವನಿ ಏರಿಸಲಿಲ್ಲ. ಶಿವಲಿಂಗಮ್ಮ ಗಲ್ಲಿಯ ತಿರುವು ಮುಟ್ಟುವ ಮೊದಲೇ ಹಿಂದೆ ಲೇತು ತಿರುಗಿದ ಸದ್ದು ಕೇಳಿಸಿತು.

ಟೀ ಅಂಗಡಿಯ ಮಾತನ್ನು ಶಿವಲಿಂಗಮ್ಮ ಕೇಳಿದ್ದಾರೆ. ತಿದ್ದಲು ಹೋಗಿಲ್ಲ. ತಿದ್ದಿದರೆ ತಪ್ಪೊಪ್ಪಿಕೊಂಡವಳೆಂದು ತನಗೆ ಮೆಚ್ಚುಗೆ ಬಂದುಬಿಡಬಹುದು, ಅದು ಬೇಡ ಎಂದು ಒಮ್ಮೆ ಸಿದ್ದಯ್ಯನವರಲ್ಲಿ ಹೇಳಿದ್ದರಂತೆ.

ಈಗ ಫಕ್ರುದ್ದೀನರ ಹೆಸರು ಕಂಪನಿಯ ಪಟ್ಟಿಯಲ್ಲಿದೆ. ಸುಂಕವಿಲ್ಲದೆ ಹೋಗುವ ಬುಗುರಿಗಳಲ್ಲಿ ಅವರವು ಸೇರಿರುತ್ತವೆ. ಶಿವಲಿಂಗಮ್ಮನ ಘಟಕವನ್ನು ಎರಡು ವರ್ಷಗಳ ಮಟ್ಟಿಗೆ ಪಟ್ಟಿಯಿಂದ ತೆಗೆಯಲಾಗಿದೆ. ಅವಧಿ ಇನ್ನೂ ಮುಗಿದಿಲ್ಲ. ಪುಟ್ಟಗೌರಮ್ಮನೂ ಸೇರಿ ಐದು ಮಂದಿ ಹೆಂಗಸರು ಫಕ್ರುದ್ದೀನರಲ್ಲಿ ದುಡಿಯುತ್ತಾರೆ, ಇಬ್ಬರು ಬಿಡದಿಯ ಕಾರ್ಖಾನೆಗೆ ಹೋಗುತ್ತಾರೆ, ಇಬ್ಬರು ಶಿವಲಿಂಗಮ್ಮನ ಜೊತೆ ಉಳಿದು ಹೆದ್ದಾರಿಯ ಅಂಗಡಿಗಳಿಗೆ ಗಿಲಕಿ ಮಾಡುತ್ತಾರೆ. ಬೀದಿಯಲ್ಲಿ ಮೊರಗಳು ಈಗಲೂ ಮನೆಯಿಂದ ಮನೆಗೆ ಹೋಗುತ್ತವೆ, ಆದರೆ ಪ್ರತಿ ಮೊರದಲ್ಲೂ ಕಡೆದವರ ಹೆಸರಿನ ಚೀಟಿಯಿರುತ್ತದೆ. ಶಿವಲಿಂಗಮ್ಮನ ಘಟಕಕ್ಕೆ ಯಾವ ಮೊರವೂ ಬರುವುದಿಲ್ಲ. ಫಕ್ರುದ್ದೀನರು ಅವರೊಂದಿಗೆ ಇನ್ನೂ ಮಾತಾಡಿಲ್ಲ.